ಹಳೆಯ ಸ್ಪೋರ್ಟ್ಸ್ ಕಾರಿನ ಸ್ವಭಾವ ಹೊಸತರಲ್ಲಿ ಉಂಟೇ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ಕಳೆದ ತಿಂಗಳು ನನ್ನ ಮಗ ಬೆಂಗಳೂರಿನಿಂದ ಗೆಳೆಯನೊಬ್ಬನ ಹೊಸ ಸ್ಪೋರ್ಟ್ಸ್ ಕಾರನ್ನು ತಂದಿದ್ದ. ಕೊಟ್ಟಿಗೆಹಾರದವರೆಗೆ ನಾನೇ ಓಡಿಸಿದೆ. ಅದರ ವೇಗದ ಬಗ್ಗೆ, ಹಿಡಿತದ ಬಗ್ಗೆ ಎರಡು ಮಾತಿಲ್ಲ. ಆದರೆ ಇಳಿದ ಮೇಲೆ ಏನೊಂದೂ ನೆನಪಿನಲ್ಲಿ ಉಳಿಯಲಿಲ್ಲ. ಎಪ್ಪತ್ತರ ದಶಕದಲ್ಲಿ ಪಕ್ಕದ ತೋಟದವರ ಎಂಜಿ ಟಿಸಿ ಕಾರನ್ನು ಒಂದೇ ಒಂದು ಸಲ ಓಡಿಸಿದ್ದೆ; ಆ ದಿನದ ಒಂದೊಂದು ತಿರುವೂ ಇಂದಿಗೂ ಕೈಯಲ್ಲಿದೆ. ಇದು ವಯಸ್ಸಾದವನ ಹಳಹಳಿಕೆಯೋ, ಅಥವಾ ಹೊಸ ಕಾರುಗಳಲ್ಲಿ ನಿಜವಾಗಿಯೂ ಏನಾದರೂ ಕಳೆದುಹೋಗಿದೆಯೋ?

ಉತ್ತರ: ಹಳಹಳಿಕೆಯಲ್ಲ. ತಮ್ಮ ಕೈಗೆ ತಿಳಿದ ವ್ಯತ್ಯಾಸ ನಿಜವಾದದ್ದೇ. ತೂಕ, ಟೈರಿನ ಅಗಲ ಮತ್ತು ಸ್ಟಿಯರಿಂಗಿನ ಒಳರಚನೆಯ ಲೆಕ್ಕ ಹಿಡಿದೇ ಅದನ್ನು ವಿವರಿಸಬಹುದು. ತಾವು ಓಡಿಸಿದ ಟಿಸಿ 1945ರಿಂದ 1949ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾದ ಕಾರು. ಅದರ ಎಂಜಿನ್ 1,250 ಸಿ.ಸಿ., ಶಕ್ತಿ 54 ಅಶ್ವಶಕ್ತಿ, ತೂಕ ಸುಮಾರು 800 ಕಿಲೋ. 19 ಇಂಚಿನ ಕಡ್ಡಿ ಚಕ್ರಗಳಿಗೆ ಹಾಕಿದ್ದ ಟೈರಿನ ಅಗಲ ನಾಲ್ಕೂವರೆ ಇಂಚು; ಇಂದಿನ ದೊಡ್ಡ ಬೈಕುಗಳ ಹಿಂದಿನ ಟೈರು ಅದಕ್ಕಿಂತ ದಪ್ಪ. ಬಾಗಿಲನ್ನು ಮೊಣಕೈ ಹೊರಗೆ ಚಾಚುವಷ್ಟು ತಗ್ಗಾಗಿ ಕತ್ತರಿಸಿದ್ದರು, ಬೇಕೆಂದರೆ ಮುಂದಿನ ಗಾಜನ್ನು ಬಾನೆಟ್ಟಿನ ಮೇಲಕ್ಕೆ ಮಡಿಸಬಹುದಿತ್ತು. ಅಂಥ ಕಾರಿನಲ್ಲಿ ಗಂಟೆಗೆ 50 ಕಿ.ಮೀ. ವೇಗಕ್ಕೆ ಬರುವಷ್ಟರಲ್ಲಿ ಗಾಳಿ, ಗೇರಿನ ಸದ್ದು, ರಸ್ತೆಯ ಉಬ್ಬುತಗ್ಗು ಎಲ್ಲವೂ ಓಡಿಸುವವನ ಮೈಗೆ ಬಂದು ತಾಗುತ್ತಿದ್ದವು.

ಒಂದೇ ಹೆಸರಿನ ಕಾರು ಕಾಲದೊಂದಿಗೆ ಹೇಗೆ ಬದಲಾಯಿತೆಂಬುದಕ್ಕೆ ಪೋರ್ಷೆ 911ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಹೆಸರಿನಲ್ಲಿ ಕಾಣಿಸಿಕೊಂಡ ಈ ಕಾರು, ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನಗೆ ಸೇರಿದವೆಂದು ಫ್ರಾನ್ಸಿನ ಕಾರು ಕಂಪನಿ ಪ್ಯೂಜೊ ಆಕ್ಷೇಪಿಸಿದ್ದರಿಂದ 911 ಆಯಿತು. ಅಂದಿನಿಂದ ಇಂದಿನವರೆಗೂ ಎಂಜಿನನ್ನು ಹಿಂಬದಿಯಲ್ಲೇ ಇಟ್ಟುಕೊಂಡು ಬಂದಿದೆ. ಮೊದಲ 911ರ ಶಕ್ತಿ 130 ಅಶ್ವಶಕ್ತಿ, ತೂಕ ಸುಮಾರು 1,080 ಕಿಲೋ, ಟೈರಿನ ಅಗಲ 165 ಮಿ.ಮೀ. ಈಗಿನ ಪೀಳಿಗೆಯ 911ರ ಕರೇರಾ ಮಾದರಿಯ ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟು, ತೂಕ ಸುಮಾರು ಒಂದೂವರೆ ಟನ್, ಹಿಂದಿನ ಟೈರಿನ ಅಗಲ 295 ಮಿ.ಮೀ. ನನ್ನ ದೃಷ್ಟಿಯಲ್ಲಿ ಈ ಅಂಕಿಗಳಲ್ಲಿ ಅಶ್ವಶಕ್ತಿಗಿಂತ ಮುಖ್ಯವಾದದ್ದು ಟೈರು. ಸಣ್ಣ ಟೈರು ಕಡಿಮೆ ವೇಗದಲ್ಲೇ ತನ್ನ ಹಿಡಿತದ ಅಂಚಿಗೆ ಬರುತ್ತದೆ, ಬಂದಾಗಲೂ ಮೆಲ್ಲಗೆ ಜಾರುತ್ತದೆ. ಆದ್ದರಿಂದ ಚಾರ್ಮಾಡಿ ಘಾಟಿಯಲ್ಲಿ ಯಾರ ಪ್ರಾಣಕ್ಕೂ ಸಂಚಕಾರವಿಲ್ಲದ ವೇಗದಲ್ಲಿ ಹೋದರೂ ಹಳೆಯ ಕಾರಿನ ಸಾಮರ್ಥ್ಯದ ಮುಕ್ಕಾಲು ಭಾಗವನ್ನು ನಾವು ಬಳಸುತ್ತಿರುತ್ತೇವೆ. ಹೊಸ ಕಾರಿಗೆ ಅದೇ ತಿರುವು, ಅದೇ ವೇಗ ಯಾವ ಲೆಕ್ಕಕ್ಕೂ ಇಲ್ಲ. ಅದು ಮಾತನಾಡಲು ತೊಡಗುವ ವೇಗವನ್ನು ನಮ್ಮ ಘಾಟಿಗಳಲ್ಲಿ ಮುಟ್ಟಬಾರದು, ಮುಟ್ಟಲೂ ಆಗದು.

ಸ್ಟಿಯರಿಂಗಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರು ತಿರುವಿನಲ್ಲಿರುವಾಗ ಮುಂದಿನ ಟೈರುಗಳು ತಾವಾಗಿಯೇ ನೇರವಾಗಲು ಯತ್ನಿಸುತ್ತಿರುತ್ತವೆ, ಆ ಎಳೆತವೇ ನಮ್ಮ ಕೈಗೆ ಭಾರವಾಗಿ ತಿಳಿಯುತ್ತದೆ. ಟೈರು ಹಿಡಿತ ಕಳೆದುಕೊಳ್ಳುವುದಕ್ಕೆ ತುಸು ಮುಂಚೆಯೇ ಈ ಎಳೆತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಆಲ್ದೂರಿನ ದಾರಿಯಲ್ಲಿ ಸಿಲ್ವರ್ ಓಕ್ ಮರದ ಎಲೆಗಳು ಉದುರಿ, ನೆನೆದು, ಡಾಂಬರಿಗೆ ಅಂಟಿಕೊಂಡಿರುತ್ತವಲ್ಲ, ಅಂಥ ತಿರುವಿನಲ್ಲಿ ಪವರ್ ಸ್ಟಿಯರಿಂಗ್ ಇಲ್ಲದ ಹಗುರ ಕಾರನ್ನು ತಿರುಗಿಸಿದರೆ, ಚಕ್ರ ಜಾರುವ ಮೊದಲೇ ಸ್ಟಿಯರಿಂಗ್ ಕೈಯಲ್ಲಿ ಕೂದಲೆಳೆಯಷ್ಟು ಹಗುರವಾಗುತ್ತದೆ. ಓಡಿಸುವವನು ಯೋಚಿಸುವ ಮುನ್ನವೇ ಅವನ ಕಾಲು ಆಕ್ಸಿಲರೇಟರನ್ನು ಸಡಿಲಿಸಿರುತ್ತದೆ. ಹೊಸ ಕಾರುಗಳಲ್ಲಿ ಚಕ್ರಕ್ಕೂ ಕೈಗೂ ನಡುವೆ ವಿದ್ಯುತ್ ಮೋಟಾರು ಬಂದು ಕುಳಿತಿದೆ. 911ರಲ್ಲಿ ಈ ಬದಲಾವಣೆ 2011ರಲ್ಲಿ ಆಯಿತು. ಇಂಧನ ಉಳಿಯುತ್ತದೆ, ಕಾರು ನಿಲ್ಲಿಸುವಾಗ ಬೆರಳಿನಲ್ಲಿ ತಿರುಗಿಸಬಹುದು, ಎಲ್ಲವೂ ಸರಿ. ಆದರೆ ಕಲ್ಲುಮಣ್ಣಿನ ನಡುಕದ ಜೊತೆಗೆ ಈ ಸಣ್ಣ ಮುನ್ಸೂಚನೆಯೂ ಬಹಳಷ್ಟು ಕಾರುಗಳಲ್ಲಿ ಸೋಸಿ ಹೋಗುತ್ತದೆ. ಕೊಟ್ಟಿಗೆಹಾರದಿಂದ ಮರಳಿದ ಮೇಲೆ ತಮಗೆ ಏನೂ ನೆನಪಾಗದಿರಲು ಇದೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಸದ್ದು ಮತ್ತು ಗೇರಿನ ಕಥೆಯೂ ಇದೇ. ಹೊಗೆಯ ನಿಯಮಗಳು ಬಿಗಿಯಾದಂತೆ ಸಣ್ಣ ಎಂಜಿನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಕೂಡಿಸುವ ಟರ್ಬೊ ಜೋಡಿಸುವುದು ರೂಢಿಯಾಯಿತು, ಸದ್ದು ತಗ್ಗಿತು, ತಗ್ಗಿದ ಸದ್ದನ್ನು ತುಂಬಿಕೊಡಲು ಕೆಲವು ಕಂಪನಿಗಳು ಒಳಗಿನ ಸ್ಪೀಕರುಗಳಿಂದ ಎಂಜಿನ್ ಸದ್ದನ್ನು ಕೇಳಿಸತೊಡಗಿದವು. ಎರಡನೇ ಗೇರಿನಲ್ಲೇ ನೂರು ಕಿ.ಮೀ. ದಾಟುವ ಕಾರಿನಲ್ಲಿ ಘಾಟಿ ಏರುವಾಗ ಗೇರು ಬದಲಿಸುವ ಸಂದರ್ಭವೇ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಹನ್ನೊಂದು ವರ್ಷದವನಿದ್ದಾಗ ನಮ್ಮ ಮನೆಯ ಹಳೆಯ ಕಾರಿನಲ್ಲಿ ಸಕಲೇಶಪುರದಿಂದ ಶಿರಾಡಿ ಇಳಿಯುತ್ತಿದ್ದೆವು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಡ್ರಮ್ಮುಗಳು ಕಾದು, ಪೆಡಲು ತಳ ಮುಟ್ಟತೊಡಗಿತು. ನನ್ನ ತಂದೆ ಒಂದು ಮಾತೂ ಆಡದೆ ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬದಿಯ ಮಣ್ಣಿನ ದಿಬ್ಬಕ್ಕೆ ಕಾರನ್ನು ಒರಗಿಸಿ ನಿಲ್ಲಿಸಿದರು. ಸುಟ್ಟ ಲೈನಿಂಗಿನ ವಾಸನೆ ಮತ್ತು ಬೆವರಿನಲ್ಲಿ ತೊಯ್ದಿದ್ದ ಅವರ ಅಂಗಿಯ ಬೆನ್ನು ನನಗಿನ್ನೂ ನೆನಪಿದೆ. ಇದನ್ನು ಹಳೆಯ ಕಾರಿನ ಸ್ವಭಾವವೆಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಹೊಸ ಕಾರು ಹೊತ್ತಿರುವ ಹೆಚ್ಚಿನ ತೂಕದಲ್ಲಿ ಡಿಕ್ಕಿಯನ್ನು ತಾಳುವ ಉಕ್ಕು, ಏರ್‌ಬ್ಯಾಗು, ದೊಡ್ಡ ಡಿಸ್ಕ್ ಬ್ರೇಕುಗಳ ಪಾಲು ದೊಡ್ಡದು. ಅವುಗಳನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಸುರಕ್ಷತೆ ಬಂದಲ್ಲಿ ಸ್ವಭಾವ ಹೋಗಲೇಬೇಕೇ? ಹೋಗಬೇಕಾಗಿಲ್ಲ, ಅದಕ್ಕೆ ಸಾಕ್ಷಿಗಳಿವೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಅರುವತ್ತರ ದಶಕದ ಬ್ರಿಟಿಷ್ ತೆರೆದ ಕಾರುಗಳನ್ನು ಮಾದರಿಯಾಗಿಟ್ಟುಕೊಂಡು ಹುಟ್ಟಿತು. ಅದರ ನಾಲ್ಕನೆಯ ಪೀಳಿಗೆ ಇಂದಿಗೂ ಒಂದು ಟನ್ನಿನ ಆಸುಪಾಸಿನಲ್ಲೇ ಇದೆ. ಕುದುರೆಯೂ ಸವಾರನೂ ಒಂದೇ ದೇಹವಾಗಬೇಕೆಂಬ ಜಪಾನಿ ಮಾತು ಅದರ ತಯಾರಕರಿಗೆ ಮಂತ್ರವಿದ್ದಂತೆ. 2012ರಲ್ಲಿ ಟೊಯೊಟಾ ತನ್ನ ಜಿಟಿ86 ಕಾರಿಗೆ ಪ್ರಿಯಸ್ ಎಂಬ ಮಿತವ್ಯಯದ ಕಾರಿನ ಬಗೆಯ ಟೈರುಗಳನ್ನೇ ಹಾಕಿತು, ಅದೂ ಬೇಕೆಂದೇ, ಕಡಿಮೆ ವೇಗದಲ್ಲಿ ಕಾರು ಓಡಿಸುವವನೊಡನೆ ಆಡಲಿ ಎಂದು. ಪೋರ್ಷೆಯವರ ಪ್ರಸಂಗ ಇನ್ನೂ ಸ್ವಾರಸ್ಯಕರ. 2013ರಲ್ಲಿ 911ರ ರೇಸಿಗೆ ಹತ್ತಿರದ ಮಾದರಿಯಾದ ಜಿಟಿ3ಯನ್ನು ಆಟೊಮ್ಯಾಟಿಕ್ ಗೇರಿನಲ್ಲಿ ಮಾತ್ರ ತಂದರು. ಓಡಿಸಲು ಬಲ್ಲ ಗಿರಾಕಿಗಳು ಮುನಿಸಿಕೊಂಡರು. 2016ರಲ್ಲಿ ಮ್ಯಾನ್ಯುವಲ್ ಗೇರಿನ 911 ಆರ್ ಕಾರನ್ನು 991 ಸಂಖ್ಯೆಯಲ್ಲಿ ಮಾತ್ರ ತಯಾರಿಸಿದರು. ಮರುವರ್ಷ ಜಿಟಿ3ಗೂ ಮ್ಯಾನ್ಯುವಲ್ ಮರಳಿತು. ಅಂದರೆ ಈ ಗುಣವನ್ನು ಕಾಲ ಕಿತ್ತುಕೊಂಡಿಲ್ಲ. ರೇಸ್ ಟ್ರ್ಯಾಕಿನ ಒಂದು ಸುತ್ತಿಗೆ ಹಿಡಿಯುವ ಸಮಯದ ಅಂಕಿಯನ್ನು ಬೆನ್ನಟ್ಟಿದ ಕಂಪನಿಗಳು ಅದನ್ನು ಕೈಬಿಟ್ಟವು, ಮನಸ್ಸು ಮಾಡಿದವು ಉಳಿಸಿಕೊಂಡವು. ಎಂಎಕ್ಸ್-5 ನಮ್ಮ ದೇಶದಲ್ಲಿ ಮಾರಾಟಕ್ಕಿಲ್ಲ ಎಂಬುದೇ ನನಗಿರುವ ಬೇಸರ.

ಮಗನ ಗೆಳೆಯನ ಕಾರು ಮತ್ತೊಮ್ಮೆ ತೋಟಕ್ಕೆ ಬಂದರೆ ತಾವು ಹೀಗೆ ಮಾಡಿ ನೋಡಬಹುದು. ಸ್ಪೀಕರಿನ ಎಂಜಿನ್ ಸದ್ದನ್ನು ನಿಲ್ಲಿಸಿ, ಸಸ್ಪೆನ್ಷನ್ನನ್ನು ಮೆದುವಾದ ಮಟ್ಟಕ್ಕೆ ಇಡಿ, ಗೇರನ್ನು ತಾವೇ ಬದಲಿಸುವ ಕ್ರಮಕ್ಕೆ ಹಾಕಿ, ಕಿಟಕಿ ಇಳಿಸಿ. ಕಾರು ಜಾರದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆಯನ್ನು ಮಾತ್ರ ಆಫ್ ಮಾಡಬೇಡಿ. ಟಿಸಿ ಖಂಡಿತ ಮರಳುವುದಿಲ್ಲ, ಆದರೆ ಕಾರಿನ ನಿಜವಾದ ದನಿ ಸ್ವಲ್ಪವಾದರೂ ಕೇಳಿಸುತ್ತದೆ.

ಪ್ರಶ್ನೆ: ಎಂಜಿ ಹೆಸರಿನಲ್ಲೇ ಈಗ ವಿದ್ಯುತ್ ಸ್ಪೋರ್ಟ್ಸ್ ಕಾರು ಬಂದಿದೆ. ಅದರಲ್ಲಿ ಹಳೆಯ ಎಂಜಿಯ ಗುಣವಿದೆಯೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಇಬ್ಬರೇ ಕೂರುವ ತೆರೆದ ಕಾರು ಎಂಬಷ್ಟು ಹೋಲಿಕೆ ಇದೆ. 2025ರಲ್ಲಿ ಭಾರತಕ್ಕೆ ಬಂದ ಸೈಬರ್‌ಸ್ಟರ್ ಸುಮಾರು 500 ಅಶ್ವಶಕ್ತಿಯ, ಮೂರು ಸೆಕೆಂಡು ಚಿಲ್ಲರೆಯಲ್ಲಿ ನೂರು ಕಿ.ಮೀ. ವೇಗ ಮುಟ್ಟುವ ಕಾರು. ತೂಕ ಹತ್ತಿರ ಹತ್ತಿರ ಎರಡು ಟನ್, ಅಂದರೆ ಎರಡು ಟಿಸಿಗಳಿಗಿಂತ ಹೆಚ್ಚು. ಬ್ಯಾಟರಿ ಹಗುರವಾಗುವವರೆಗೆ ವಿದ್ಯುತ್ ಕಾರು ವೇಗದಲ್ಲಿ ಗೆಲ್ಲುತ್ತದೆ, ಚುರುಕಿನಲ್ಲಿ ಸೋಲುತ್ತದೆ ಎಂಬುದು ನನ್ನ ಅಭಿಪ್ರಾಯ. ಹ್ಯುಂಡೈ ತನ್ನ ಐಯಾನಿಕ್ 5 ಎನ್ ಕಾರಿನಲ್ಲಿ ಇಲ್ಲದ ಗೇರುಗಳನ್ನು ಇರುವಂತೆ ಭಾಸವಾಗಿಸುವ ವ್ಯವಸ್ಥೆ ಮಾಡಿದೆ. ಓಡಿಸುವವನ ಕೈಗೆ ಕೆಲಸ ಬೇಕೆಂಬುದು ಅವರಿಗೂ ತಿಳಿದಿದೆ ಎಂದಾಯಿತು.

ಪ್ರಶ್ನೆ: ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸ್ಪೋರ್ಟ್ಸ್ ಕಾರು ಕೊಳ್ಳುವ ಶಕ್ತಿ ನನಗಿಲ್ಲ. ನೀವು ಹಿಂದೊಮ್ಮೆ ಬರೆದಿದ್ದ ‘ಕೈಗೆ ತಿಳಿಯುವ ಕಾರು’ ಎಂಬ ಅನುಭವ ನನ್ನಂಥವರಿಗೆ ಎಲ್ಲಿ ಸಿಗುತ್ತದೆ?

ಉತ್ತರ: ನಿಮ್ಮ ಊರಿನ ಗ್ಯಾರೇಜುಗಳ ಮುಂದೆಯೇ ಸಿಗಬಹುದು. 1993ರಲ್ಲಿ ಬಂದ ಮೊದಲ ಮಾರುತಿ ಜೆನ್ ಕಾರನ್ನು, ಪವರ್ ಸ್ಟಿಯರಿಂಗ್ ಇಲ್ಲದ ಮಾದರಿಯನ್ನು, ಒಮ್ಮೆ ಓಡಿಸಿ ನೋಡಿ. ಮುಕ್ಕಾಲು ಟನ್ನಿನ ಆಸುಪಾಸಿನ ತೂಕ, ಒಂದು ಲೀಟರಿನ ಅಲ್ಯೂಮಿನಿಯಂ ಎಂಜಿನ್, ನೆಲಕ್ಕೆ ಹತ್ತಿರದ ಸೀಟು. ಶಕ್ತಿ 50 ಅಶ್ವಶಕ್ತಿ ಮಾತ್ರ, ಟಿಸಿಗಿಂತಲೂ ಕಡಿಮೆ, ಆದರೂ ಮೇಲೆ ಹೇಳಿದ ಗುಣವೆಲ್ಲ ಅದರಲ್ಲಿದೆ. ಕೊಳ್ಳುವ ಮುನ್ನ ಮ್ಯಾಟು ಎತ್ತಿ ತಳದ ತಗಡು ತುಕ್ಕು ಹಿಡಿದಿದೆಯೇ ನೋಡಿ, ಆರ್‌ಸಿ ನವೀಕರಣವಾಗಿದೆಯೇ ವಿಚಾರಿಸಿ. ವೇಗವಾಗಿ ಓಡಿಸುವ ಆಸೆಯಿದ್ದರೆ ಸಾರ್ವಜನಿಕ ರಸ್ತೆ ಅದಕ್ಕೆ ಜಾಗವಲ್ಲ. ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐನಿಂದ ಪರವಾನಗಿ ಪಡೆದು ಸ್ಪರ್ಧೆಗೆ ಇಳಿಯಿರಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುವಾಗ ಬೆಳಿಗ್ಗೆಯೇ ಹೋಗಿ ತಿರುವೊಂದರ ಬಳಿ ಸುರಕ್ಷಿತ ದೂರದಲ್ಲಿ ನಿಂತುಕೊಳ್ಳಿ. ಜಿಪ್ಸಿಯೊಂದು ಕೆಂಪು ಮಣ್ಣಿನಲ್ಲಿ ಅಡ್ಡಡ್ಡ ಜಾರುತ್ತ ಬಂದು, ತಿರುವು ಮುಗಿಯುವಷ್ಟರಲ್ಲಿ ನೇರವಾಗುವುದನ್ನು ನೋಡಿದರೆ ಚಾಲಕನ ಕೈಗೂ ಚಕ್ರಕ್ಕೂ ಇರುವ ನಂಟು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟವಿದೆ. ನಮ್ಮ ಮಾವನವರ ಕಾಲದ, ಅರುವತ್ತರ ದಶಕದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಕಣದ ಪಕ್ಕದ ಶೆಡ್ಡಿನಲ್ಲಿ ಇಪ್ಪತ್ತು ವರ್ಷಗಳಿಂದ ನಿಂತಿದೆ. ಹೊಸ ಎಂಜಿನ್ ಹಾಕಿ, ಪವರ್ ಸ್ಟಿಯರಿಂಗ್ ಕೂರಿಸಿ ಸ್ಪೋರ್ಟ್ಸ್ ಕಾರಿನಂತೆ ಮಾಡುತ್ತೇನೆಂದು ಮಗ ಹೇಳುತ್ತಿದ್ದಾನೆ. ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡವೆಂದು ಮಗನಿಗೆ ಹೇಳಿ, ತಾಯಿ. ತಮ್ಮ ಶೆಡ್ಡಿನಲ್ಲಿರುವುದು ಆಗಲೇ ಅರ್ಧ ಸ್ಪೋರ್ಟ್ಸ್ ಕಾರು. ಇಟಲಿಯ ಮಿಕೆಲೊಟ್ಟಿ ವಿನ್ಯಾಸಗೊಳಿಸಿದ ಟ್ರಯಂಫ್ ಹೆರಾಲ್ಡ್ ಕಾರನ್ನೇ ನಮ್ಮಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ಮದ್ರಾಸಿನಲ್ಲಿ ತಯಾರಿಸುತ್ತಿದ್ದರು. 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ತೆರೆದ ಕಾರು ಹುಟ್ಟಿದ್ದು ಈ ಹೆರಾಲ್ಡಿನ ಯಂತ್ರಭಾಗಗಳಿಂದಲೇ. ಬಾನೆಟ್ಟನ್ನು ಎರಡೂ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿದರೆ ಎಂಜಿನೂ ಮುಂದಿನ ಚಕ್ರಗಳೂ ಪೂರ್ತಿ ಬಯಲಾಗುತ್ತವೆ, ಚಕ್ರದ ಮೇಲೆ ಕುಳಿತೇ ಕೆಲಸ ಮಾಡಬಹುದು. ಆಟೊರಿಕ್ಷಾದಂತೆ ಸಣ್ಣ ಜಾಗದಲ್ಲಿ ತಿರುಗುವ ಆ ಸ್ಟಿಯರಿಂಗಿಗೆ ಪವರ್ ಬೇಕಾಗಿಲ್ಲ.

ಕಾನೂನಿನ ಕಾರಣವೂ ಒಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳಿರುವ ಸಂಖ್ಯೆ ಪಡೆಯಬಹುದು. ಎಂಜಿನ್ ಬದಲಿಸಿದರೆ ಆ ಅವಕಾಶಕ್ಕೆ ತೊಡಕಾಗುತ್ತದೆ. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ.

ಹಣ ಹಾಕಬೇಕಾದದ್ದು ಬ್ರೇಕಿಗೆ. ಬ್ರೇಕ್ ಪೈಪು, ಸಿಲಿಂಡರ್, ಲೈನಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿಸಿ, ಸೀಟ್ ಬೆಲ್ಟ್ ಕೂರಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ಮಲೆನಾಡಿನ ತೇವವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ರಬ್ಬರ್ ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಿ. ಈ ಕಾರಿನ ಹಿಂದಿನ ಚಕ್ರಗಳ ಜೋಡಣೆ ಹಳೆಯ ಕಾಲದ ಸ್ವಿಂಗ್ ಆಕ್ಸಲ್ ಬಗೆಯದು; ತಿರುವಿನ ನಡುವೆ ಗಕ್ಕನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಹೊರಳಿದಂತಾಗುತ್ತದೆ. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಬೇಕೆಂಬುದನ್ನು ಮಗನಿಗೆ ಮೊದಲ ದಿನವೇ ಹೇಳಿಕೊಡಿ.

ಇಪ್ಪತ್ತು ವರ್ಷ ನಿಂತ ಎಂಜಿನಿಗೆ ನೇರವಾಗಿ ಸೆಲ್ಫ್ ಹೊಡೆಯಬಾರದು. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಎರಡು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಹಾಗೆಯೇ ಇಡಿ. ಮೂರನೆಯ ದಿನ ಪುಲ್ಲಿಗೆ ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಲಿ. ಸಲೀಸಾಗಿ ಒಂದು ಸುತ್ತು ಬಂದರೆ ಹಳೆಯ ಆಯಿಲ್ ಇಳಿಸಿ ಹೊಸತು ತುಂಬಿದ ಮೇಲೆ ಬ್ಯಾಟರಿ ಜೋಡಿಸಬಹುದು.