ಹಳೆ ಮಸ್ಟ್ಯಾಂಗ್ ಕಾರಿನ ಫ್ಯಾಕ್ಟರಿ ಗುರುತುಗಳನ್ನು ಮತ್ತೆ ಹಾಕುವುದು ಹೇಗೆ?

1960ರ ದಶಕದ ಫೋರ್ಡ್ ಮಸ್ಟ್ಯಾಂಗ್ ಅಡಿಯಲ್ಲಿ ಕಾಣುವ ಬಣ್ಣದ ಚುಕ್ಕೆ, ಪಟ್ಟೆ, ಗೀಚುಗಳು ಅಂದಕ್ಕೆ ಹಾಕಿದವಲ್ಲ. ಬೋಲ್ಟ್ ಬಿಗಿ ನೋಡಿದ್ದಾಯ್ತು ಅಂತ ಒಂದು ಚುಕ್ಕೆ ಇಡುತ್ತಿದ್ದರು. ಸ್ಪ್ರಿಂಗ್, ಡ್ರೈವ್‌ಶಾಫ್ಟ್ (ಎಂಜಿನ್ ಶಕ್ತಿಯನ್ನು ಚಕ್ರದ ಕಡೆ ಒಯ್ಯುವ ದಂಡ) ಮೇಲಿನ ಪಟ್ಟೆಗಳು ಅದು ಯಾವ ಬಗೆಯ ಭಾಗ ಅಂತ ತಿಳಿಸುತ್ತಿದ್ದವು.

ಮೊದಲು ಹಳೆ ಗುರುತು ಹುಡುಕಿ. ಸ್ಯಾಂಡ್‌ಬ್ಲಾಸ್ಟ್ (ಮರಳು ಚಿಮ್ಮಿಸಿ ಉಜ್ಜುವುದು) ಮಾಡಿಸಿದರೆ ಎಲ್ಲ ಹೋಯ್ತು! ಸೋಪುನೀರಲ್ಲಿ ಮೆಲ್ಲಗೆ ಒರೆಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಗುರುತನ್ನು ನಕಲು ಮಾಡಿಕೊಳ್ಳಿ.

ಏನೂ ಉಳಿದಿಲ್ವಾ? ಕಾರಿನ ಚಾಸಿ ನಂಬರ್‌ನ ಎರಡನೇ ಅಕ್ಷರ ನೋಡಿ, ಕಾರು ಯಾವ ಕಾರ್ಖಾನೆಯದು ಅಂತ ಗೊತ್ತಾಗುತ್ತದೆ. ಎಫ್ ಅಂದರೆ ಡಿಯರ್‌ಬಾರ್ನ್, ಆರ್ ಅಂದರೆ ಸ್ಯಾನ್ ಹೋಸೆ, ಟಿ ಅಂದರೆ ಮೆಟುಚೆನ್. ಕಾರ್ಖಾನೆಯಿಂದ ಕಾರ್ಖಾನೆಗೆ ರೂಢಿ ಬೇರೆ. ಅದೇ ಕಾರ್ಖಾನೆಯ, ಹತ್ತಿರದ ತಿಂಗಳ, ಯಾರೂ ಮುಟ್ಟದ ಕಾರೇ ನಿಮಗೆ ಮಾದರಿ.

ಹಾಕುವಾಗ ಜಾಸ್ತಿ ನೀಟಾಗಿ ಹಾಕಬೇಡಿ. ಕಾರ್ಖಾನೆಯ ಓಡುವ ಅಸೆಂಬ್ಲಿ ಲೈನಿನಲ್ಲಿ ನಿಂತವರಿಗೆ ಸ್ಟೆನ್ಸಿಲ್ ಇಟ್ಟು ಬರೆಯಲು ಪುರುಸೊತ್ತು ಎಲ್ಲಿತ್ತು, ಅಲ್ವಾ? ಸಣ್ಣ ಬ್ರಷ್ಷಲ್ಲಿ ಒಂದೇ ಸಲ ಎಳೆಯಿರಿ. ಬಣ್ಣ ಸ್ವಲ್ಪ ಇಳಿದರೆ ಇಳಿಯಲಿ, ಅದೇ ಚೆಂದ.

ಚಾಸಿ ನಂಬರ್ ಮಾತ್ರ ಮುಟ್ಟಬೇಡಿ. ಅದನ್ನು ತಿದ್ದಿದರೆ ಕೇಸ್ ಆಗುತ್ತದೆ.