ಕೆಲಸ ಬಿಟ್ಟು ಸ್ಟಾಕ್ ಫೋಟೋ ಮಾರಿ ಬದುಕಬಹುದೇ? ಶಟರ್‌ಸ್ಟಾಕ್ ಒಳ್ಳೆಯದೋ, ಅಡೋಬಿ ಸ್ಟಾಕೋ?

ಸ್ಟಾಕ್ ಫೋಟೋ ಅಂದರೆ ಮಾರಾಟಕ್ಕೆ ಅಂತ ಸೈಟಿಗೆ ಹಾಕಿಡುವ ಫೋಟೋ. ಬೇಕಾದವರು ಹಣ ಕೊಟ್ಟು ಇಳಿಸಿಕೊಳ್ಳುತ್ತಾರೆ, ಅದರಲ್ಲಿ ನಮಗೊಂದು ಪಾಲು. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಅಂಥ ಸೈಟುಗಳು. ಹೊಸ ಕ್ಯಾಮೆರಾ, ಬೇಸರ ತಂದ ಕೆಲಸ ಇದ್ದವರು ಕೇಳುವ ಪ್ರಶ್ನೆ ಇದು. 2017ರಲ್ಲಿ ನನ್ನ ಕಥೆಯೂ ಇದೇ. ಹಾಸನದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುವ ಕೆಲಸ ಮಾಡುತ್ತಿದ್ದೆ. ಸಾಲ ಮಾಡಿ ಡಿಎಸ್‌ಎಲ್‌ಆರ್ ತಗೊಂಡೆ. ಯಾವ ಸೈಟು ಒಳ್ಳೆಯದು ಅಂತ ಹುಡುಕುತ್ತಲೇ ಎಷ್ಟೋ ರಾತ್ರಿ ಕಳೆದೆ.

2018ರ ಸಂಕ್ರಾಂತಿ ಮುಗಿದ ಮೇಲೆ ಚನ್ನರಾಯಪಟ್ಟಣದ ಹತ್ತಿರ ಇರುವ ಅಮ್ಮನ ತವರಿಗೆ ಹೋದೆ. ರಾಗಿ ಒಕ್ಕಣೆ ನಡೆಯುತ್ತಿತ್ತು. ಎತ್ತುಗಳು ಕಣದಲ್ಲಿ ರೋಣಗಲ್ಲು ಎಳೆಯುತ್ತಿದ್ದವು. ಹೆಂಗಸರು ಮೊರ ಎತ್ತಿ ರಾಗಿ ತೂರುತ್ತಿದ್ದರು. ಎಳೆ ಬಿಸಿಲಿಗೆ ಎದುರಾಗಿ ನಿಂತರೆ ಹಾರುವ ಹೊಟ್ಟು ಒಂದೊಂದೂ ಕಾಣುತ್ತಿತ್ತು. ಎರಡು ದಿನದಲ್ಲಿ 600ಕ್ಕೂ ಜಾಸ್ತಿ ಫೋಟೋ ತೆಗೆದೆ. ಇವತ್ತಿಗೂ ನಾನು ತೆಗೆದ ಒಳ್ಳೆಯ ಫೋಟೋಗಳು ಅವೇ. ಅದರಲ್ಲಿ 140 ಆರಿಸಿ ಸೈಟಿಗೆ ಹಾಕಿದೆ. 96 ವಾಪಸ್ ಬಂದವು. ಕಾರಣ ಒಂದೇ: ಮಾಡೆಲ್ ರಿಲೀಸ್ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ದುಬಾರಿಯಾಗಿದ್ದು ಇದೇ. ಫೋಟೋ ನನ್ನದು, ಆದರೆ ಅದರಲ್ಲಿರುವ ಮುಖ ನನ್ನದಲ್ಲ. ಆ ಮುಖವನ್ನು ಜಾಹೀರಾತಿಗೆ ಬಳಸಬೇಕಾದರೆ ಅವರು ಒಪ್ಪಿ ಸಹಿ ಹಾಕಿದ ಪತ್ರ ಬೇಕು. ಸಾಕ್ಷಿಯ ಸಹಿ ಬೇಕು, ತಾರೀಖು ಬೇಕು. ಮಕ್ಕಳಾದರೆ ಅಪ್ಪ ಅಥವಾ ಅಮ್ಮ ಸಹಿ ಹಾಕಬೇಕು. ಮುಖ ಕಾಣದಿದ್ದರೂ ಗುರುತು ಸಿಗುವ ಹಾಗಿದ್ದರೆ ಬೇಕು. ಒಬ್ಬ ಅಜ್ಜಿಯ ಮುಂಗೈ ಮಾತ್ರ ಇದ್ದ ಫೋಟೋ ಕೂಡ ವಾಪಸ್ ಬಂತು. ಮುಂಗೈ ತುಂಬ ಹಚ್ಚೆ ಇತ್ತು, ಊರಲ್ಲಿ ಯಾರು ನೋಡಿದರೂ ಇದು ಯಾರ ಕೈ ಅಂತ ಹೇಳುತ್ತಿದ್ದರು.

ನಿಯಮ ನನಗೆ ಗೊತ್ತಿತ್ತು. ಫಾರಂ ಪ್ರಿಂಟ್ ಹಾಕಿಸಿಕೊಂಡು ಬ್ಯಾಗಿನಲ್ಲೂ ಇಟ್ಟಿದ್ದೆ. ಹೊರಗೆ ತೆಗೆಯಲಿಲ್ಲ, ಅಷ್ಟೇ. ನಮ್ಮ ಕಡೆ ಇಂಗ್ಲಿಷ್ ಕಾಗದಕ್ಕೆ ಸಹಿ ಕೇಳಿದರೆ ಮೊದಲು ನೆನಪಾಗುವುದು ಪಹಣಿ. 'ಜಮೀನಿಗೆ ಏನೂ ತೊಂದ್ರೆ ಆಗಲ್ವಾ?' ಅಂತ ಮಾವನೇ ಕೇಳಿದ್ದರು. ಕೆಲಸದ ಮಧ್ಯೆ ಹನ್ನೊಂದು ಜನರಿಗೆ ಇದನ್ನೆಲ್ಲ ಹೇಳಲು ನನಗೆ ಸಂಕೋಚ. ಎಲ್ಲ ನಮ್ಮವರೇ ಅಲ್ವಾ, ಆಮೇಲೆ ತಗೊಂಡರಾಯ್ತು ಅಂದುಕೊಂಡೆ. ನಗುತ್ತಾ ನಿಂತಿದ್ದನ್ನೇ ಒಪ್ಪಿಗೆ ಅಂತ ತಿಳಿದೆ.

ಒಂಬತ್ತು ತಿಂಗಳು ಕಳೆಯಿತು. ಬೆಂಗಳೂರಿನ ಒಂದು ಡಿಸೈನ್ ಕಚೇರಿಯಲ್ಲಿದ್ದ ಗೆಳೆಯ ಫೋನ್ ಮಾಡಿದ. ರಾಗಿ ಹಿಟ್ಟಿನ ಪ್ಯಾಕೆಟ್ ಮೇಲೆ ಹಾಕಲು, ಎತ್ತು ಹೊಡೆಯುವ ತಾತನ ಫೋಟೋ ಬೇಕು, 8,000 ರೂಪಾಯಿ ಕೊಡಿಸುತ್ತೇನೆ ಅಂದ. ಸಹಿ ಇದೆಯಾ ಅಂತಲೂ ಕೇಳಿದ. ಬೆಳಗಿನ ಬಸ್ಸಿಗೇ ಊರಿಗೆ ಹೋದೆ. ತಾತ ಆಷಾಢದಲ್ಲೇ ತೀರಿಕೊಂಡಿದ್ದರು. ಅವರ ಮನೆಯಲ್ಲಿ ಗೋಡೆಗೆ ಹಾಕಲು ಒಂದು ಸರಿಯಾದ ಫೋಟೋ ಇರಲಿಲ್ಲ. ನಾನು ಒಂದು ಪ್ರಿಂಟ್ ಕೂಡ ಕೊಟ್ಟಿರಲಿಲ್ಲ. ಮೊರ ಹಿಡಿದಿದ್ದ ಅತ್ತೆಯೊಬ್ಬರು, 'ಅವತ್ತು ಕೇಳದೆ ತೆಗೆದೆ, ಇವತ್ತು ಯಾಕಪ್ಪಾ ಸಹಿ?' ಅಂದರು. ಅವರು ಕೇಳಿದ್ದು ಸರಿ. ಸಹಿ ಹಾಕಿಸದೆ ಬಂದೆ. ತಾತನ ಫೋಟೋ ಕಟ್ಟು ಹಾಕಿಸಿ ಕಳಿಸಿದೆ.

ಸಹಿ ಇಲ್ಲದೆಯೇ ಎಡಿಟೋರಿಯಲ್ ಅಂತ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಶಟರ್‌ಸ್ಟಾಕ್‌ನಲ್ಲಿ ಹಾಗೆ ಹಾಕಬಹುದು. ಆದರೆ ಅವು ಸುದ್ದಿ, ಲೇಖನಗಳಿಗೆ ಮಾತ್ರ. ಪ್ಯಾಕೆಟ್‌ಗೆ, ಜಾಹೀರಾತಿಗೆ ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಯಾವ ಸೈಟು ಅನ್ನುವುದು ಪ್ರಶ್ನೆಯೇ ಅಲ್ಲ. ಎರಡರಲ್ಲೂ ಹಾಕಿ, ಒಂದರಲ್ಲಿ ಹಾಕಿದ್ದು ಇನ್ನೊಂದರಲ್ಲಿ ಹಾಕಬಾರದು ಅಂತೇನಿಲ್ಲ. ಮಾರಾಟದ ಹಣದಲ್ಲಿ ಅಡೋಬಿ ಸ್ಟಾಕ್ ಫೋಟೋಗೆ ಶೇ. 33 ಕೊಡುತ್ತದೆ. ಶಟರ್‌ಸ್ಟಾಕ್ 2020ರ ಜೂನ್‌ನಿಂದ ಮಾರಾಟ ನೋಡಿಕೊಂಡು ಶೇ. 15ರಿಂದ 40ರ ತನಕ ಕೊಡುತ್ತದೆ, ಪ್ರತಿ ಜನವರಿ 1ಕ್ಕೆ ಮತ್ತೆ ಕೆಳಗಿನ ಮೆಟ್ಟಿಲಿಂದ ಶುರು.

ಕೆಲಸ ಮಾತ್ರ ಬಿಡಬೇಡಿ. ಸೈಟಿಗೆ ಚಂದಾ ಕಟ್ಟಿದವರು ಒಂದು ಫೋಟೋ ಇಳಿಸಿಕೊಂಡಾಗ ನನಗೆ ಹೆಚ್ಚಾಗಿ ಸಿಗುವುದು 33 ಸೆಂಟ್. ಅಡೋಬಿಯಲ್ಲಿ 25 ಡಾಲರ್ ಸೇರಿದ ಮೇಲೆಯೇ ಹಣ ಕೈಗೆ. ಅಂದರೆ 76 ಸಲ ಮಾರಾಟ ಆಗಬೇಕು. ನನಗೆ 14 ತಿಂಗಳು ಹಿಡಿಯಿತು. ಈಗ ವರ್ಷಕ್ಕೆ ಒಂದು ಲೆನ್ಸ್ ಕೊಳ್ಳುವಷ್ಟು ಬರುತ್ತದೆ. ಮನೆ ನಡೆಯುವುದು ಸ್ಟುಡಿಯೋ ಸಂಬಳದಲ್ಲಿ.

ಸೂರ್ಯಾಸ್ತ, ಗುಲಾಬಿ, ಹಂಪಿಯ ಕಲ್ಲಿನ ರಥ ತೆಗೆಯಬೇಡಿ. ಲಕ್ಷಗಟ್ಟಲೆ ಇವೆ. ನನ್ನ ಒಕ್ಕಣೆ ಫೋಟೋಗಳಲ್ಲಿ ಈಗಲೂ ಮಾರಾಟ ಆಗುವುದು ಯಾರೂ ಇಲ್ಲದ ಒಂದು: ಮೊರದಲ್ಲಿ ಅರ್ಧ ಹಸನಾದ ರಾಗಿ. ಕೀವರ್ಡ್‌ನಲ್ಲಿ, ಅಂದರೆ ಹುಡುಕುವವರಿಗೆ ಫೋಟೋ ಸಿಗಲಿ ಅಂತ ಹಾಕುವ ಪದಗಳಲ್ಲಿ, ಇಂಗ್ಲಿಷ್ ಹೆಸರಿನ ಜೊತೆ 'ರಾಗಿ' ಅಂತಲೂ ಹಾಕಿದ್ದೆ. ಅಡೋಬಿಯಲ್ಲಿ ಮೊದಲ ಹತ್ತು ಕೀವರ್ಡ್‌ಗೆ ತೂಕ ಜಾಸ್ತಿ, ಮುಖ್ಯ ಪದಗಳನ್ನು ಅಲ್ಲೇ ಇಡಿ.

ಜನರ ಫೋಟೋ ತೆಗೆಯುವುದಾದರೆ ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಸಹಿ. ನಾನು ಫಾರಂನ ಅರ್ಥವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಓದಿ ಹೇಳುತ್ತೇನೆ. ನಿಮ್ಮ ಮುಖ ಯಾವುದೋ ಸೋಪಿನ ಜಾಹೀರಾತಿನಲ್ಲೂ ಬರಬಹುದು ಅಂತಲೂ ಹೇಳುತ್ತೇನೆ. ಬೇಡ ಅಂದರೆ ಬಿಡುತ್ತೇನೆ. ಒಪ್ಪಿದವರಿಗೆ ಕೈಗೆ ಹಣ, ಮುಂದಿನ ವಾರ ಪ್ರಿಂಟ್.

ನೀವು ಮನೆಯಿಂದಲೇ ಶುರು ಮಾಡಿ. ಅಮ್ಮ ರೊಟ್ಟಿ ತಟ್ಟುವುದು, ಅಪ್ಪ ಮೊಬೈಲ್‌ನಲ್ಲಿ ಕರೆಂಟ್ ಬಿಲ್ ಕಟ್ಟುವುದು. ಸಹಿ ಹಾಕುವವರು ಪಕ್ಕದಲ್ಲೇ ಇರುತ್ತಾರೆ. ಇವತ್ತೇ ಹಾಕಿಸಿಕೊಳ್ಳಿ.