ಪ್ರತಿ: ಪರದೇಶದ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಅಪರಿಚಿತರೊಡನೆ ಸೇರುವುದು ಹೇಗೆ?

ಹೊಸ ದೇಶದಲ್ಲಿ ಎರಡು ತಿಂಗಳಾದರೂ ಭಾಷೆ ಬಾರದ ಕಾರಣ ಉದ್ಯಾನದ ಅಂಕಣದ ಅಂಚಿನಲ್ಲೇ ನಿಂತು ನೋಡಿ ಮರಳುತ್ತಿರುವುದಾಗಿಯೂ, ಆಟಕ್ಕೆ ಸೇರಿಸಿಕೊಳ್ಳಿರೆಂದು ಕೇಳುವ ಬಗೆ ತಿಳಿಯದೆಂದೂ ಬರೆದಿದ್ದೀರಿ. ಅಲ್ಲಿ ಅನುಮತಿ ಬೇಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನ ಸರದಿ ಯಾರದೆಂದು ಅಂಚಿನಲ್ಲಿರುವವರನ್ನು ವಿಚಾರಿಸಿ, ಅವರಿಗೆ ಆಟಗಾರರು ಸಾಲದಿದ್ದರೆ ಜೊತೆಗೂಡಬಹುದು, ಇಲ್ಲವಾದರೆ ಅದರ ನಂತರದ ಸರದಿ ನಿಮ್ಮದೆಂದು ಹೇಳಿಡಬಹುದು. ಗೆದ್ದ ತಂಡ ಅಂಕಣದಲ್ಲೇ ಉಳಿಯುವುದು ಬಹುತೇಕ ಕಡೆ ರೂಢಿ. ಸಂಕೋಚ ಹೆಚ್ಚಿದ್ದರೆ ಜನ ಸೇರುವ ಮುನ್ನವೇ ಹೋಗಿ, ಒಬ್ಬರೇ ಅಭ್ಯಾಸ ಮಾಡುತ್ತಿರುವವರ ಉರುಳಿದ ಚೆಂಡನ್ನು ಹಿಡಿದು ಮರಳಿಸಿ. ಪರಿಚಯಕ್ಕೆ ಅಷ್ಟೇ ಸಾಕಾಗುತ್ತದೆ.

ಅಂಕಗಳ ಲೆಕ್ಕವನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ, ತಂಡಕ್ಕೆ ಮೂವರಿರುವ ಆಟದಲ್ಲಿ ಬುಟ್ಟಿಯೆದುರು ನೆಲದ ಮೇಲೆ ಎಳೆದ ಕಮಾನಿನ ಗೆರೆಯ ಒಳಗಿನಿಂದ ಹಾಕಿದ ಬುಟ್ಟಿಗೆ 1, ಹೊರಗಿನಿಂದ ಹಾಕಿದ್ದಕ್ಕೆ 2 ಅಂಕ, ಗುರಿ 21. ಉದ್ಯಾನಗಳಲ್ಲಿ 11ಕ್ಕೋ 15ಕ್ಕೋ ಮುಗಿಸುವವರೂ ಉಂಟು. ತೀರ್ಪುಗಾರರಿಲ್ಲದ ಕಾರಣ ಫೌಲನ್ನು ಆಟಗಾರರೇ ಕೂಗಿ ಹೇಳುತ್ತಾರೆ, ಮತ್ತು ಮೊದಲ ಕೆಲವು ದಿನ ಎದುರಾಳಿಯ ಕೂಗನ್ನು, ಅದು ತಪ್ಪೆಂದು ನಿಮಗನಿಸಿದರೂ, ಒಪ್ಪಿಕೊಳ್ಳುವುದು ಜಾಣತನ. ಸೋತು ಹೊರಬಂದಾಗ ಕೂಡಲೇ ಹೊರಟುಬಿಡಬೇಡಿ: ಹೆಸರು, ಊರು, ಕೆಲಸಗಳ ಮಾತು ಹುಟ್ಟುವುದು ಸರದಿಗಾಗಿ ಕಾಯುವ ಆ ಹೊತ್ತಿನಲ್ಲೇ. ವಾರವಾರವೂ ಅದೇ ದಿನ, ಅದೇ ವೇಳೆಗೆ ಹೋದರೆ ಅದೇ ಮುಖಗಳು ಸಿಗುತ್ತವೆ.